ಟ್ರೇಲ್‌ಗೆ ಯಾವ ರಿಮ್? ನನ್ನ ವೋಟು 30 ಎಂಎಂ ಅಲ್ಯೂಮಿನಿಯಂಗೆ

ಟ್ರೇಲ್‌ನಲ್ಲಿ, ಅಂದರೆ ಕಲ್ಲು, ಬೇರಿನ ಕಚ್ಚಾ ದಾರಿಯಲ್ಲಿ, ಓಡಿಸುವ ಸೈಕಲ್‌ಗೆ ಯಾವ ರಿಮ್ ಎಂದು ಯಾರು ಕೇಳಿದರೂ ನಾನು ಹೇಳುವುದು ಒಂದೇ: ಒಳ ಅಗಲ 30 ಎಂಎಂ ಇರುವ, ಜಾಯಿಂಟ್ ವೆಲ್ಡ್ ಆಗಿರುವ ಅಲ್ಯೂಮಿನಿಯಂ ರಿಮ್ ತೆಗೆದುಕೊಳ್ಳಿ. ನನ್ನ 29 ಇಂಚಿನ ಚಕ್ರದ ಹಾರ್ಡ್‌ಟೇಲ್‌ನಲ್ಲಿ (ಹಿಂದೆ ಸಸ್ಪೆನ್ಷನ್ ಇಲ್ಲದ ಸೈಕಲ್) ಮೂರು ಬಗೆಯ ರಿಮ್ ಓಡಿಸಿದ್ದೇನೆ. ಸೈಕಲ್ ಜೊತೆ ಬಂದ 25 ಎಂಎಂ ಅಲ್ಯೂಮಿನಿಯಂ, ಆಮೇಲೆ ಆಸೆಪಟ್ಟು ಕೊಂಡ 30 ಎಂಎಂ ಕಾರ್ಬನ್, ಈಗಿರುವ 30 ಎಂಎಂ ಅಲ್ಯೂಮಿನಿಯಂ.

25 ಎಂಎಂ ಕೆಟ್ಟದ್ದೇನಲ್ಲ. ಆದರೆ ಅದಕ್ಕೆ 2.4 ಇಂಚಿನ ಟೈರ್ ಹಾಕಿದರೆ ಬುಡ ಚಿಕ್ಕದು, ಹೊಟ್ಟೆ ದೊಡ್ಡದು. ಗಾಳಿ ಕಡಿಮೆ ಮಾಡಿದರೆ ತಿರುವಿನಲ್ಲಿ ಟೈರ್ ಪಕ್ಕಕ್ಕೆ ವಾಲುತ್ತದೆ, ಜಾಸ್ತಿ ಮಾಡಿದರೆ ಬೇರು, ಕಲ್ಲಿನ ಮೇಲೆ ಪುಟಿಯುತ್ತದೆ. ಅದೇ ಟೈರ್ 30ಕ್ಕೆ ಬಂದಾಗ ಒಂದೆರಡು ಪಿಎಸ್ಐ ಇಳಿಸಿದರೂ ಅಲುಗಾಡಲಿಲ್ಲ. ಇನ್ನೂ ಅಗಲ, ಅಂದರೆ 35 ಎಂಎಂ, 2.6 ಇಂಚಿಗಿಂತ ದಪ್ಪ ಟೈರ್ ಹಾಕುವವರಿಗೆ ಸರಿ.

ಕಾರ್ಬನ್ ಹಗುರ, ಒಪ್ಪಿದೆ. ಏರಿನಲ್ಲಿ ತುಳಿದ ಕೂಡಲೇ ಗೊತ್ತಾಗುತ್ತದೆ. ಆದರೆ ನಾನು ಕೊಂಡ ಜೋಡಿ ಬಿಗಿ ಕೂಡ. ಹಾರ್ಡ್‌ಟೇಲ್‌ನಲ್ಲಿ ಆ ಬಿಗಿತವೆಲ್ಲ ಕೈಗೂ ಸೊಂಟಕ್ಕೂ ಬರುತ್ತದೆ.

ನನಗೆ ಸಾಕಾಗಿದ್ದು ಇದ್ಯಾವುದೂ ಅಲ್ಲ, ಟ್ಯೂಬ್‌ಲೆಸ್ ಟೇಪ್, ಅಂದರೆ ಟ್ಯೂಬ್ ಇಲ್ಲದ ಟೈರ್‌ನ ಗಾಳಿ ಸ್ಪೋಕ್ ತೂತುಗಳಿಂದ ಹೋಗದಂತೆ ರಿಮ್ ಒಳಗೆ ಸುತ್ತುವ ಅಂಟುಪಟ್ಟಿ. ಆ ಕಾರ್ಬನ್ ರಿಮ್‌ನ ನಡುವಿನ ಚಾನೆಲ್ ತುಂಬಾ ಆಳ. ಟೈರ್ ಹಾಕುವಾಗ ಅದು ಒಳ್ಳೆಯದೇ, ಬೀಡ್ (ಟೈರಿನ ಗಟ್ಟಿ ಅಂಚು) ಅಲ್ಲಿಗೆ ಇಳಿದು ಕೈಯಲ್ಲೇ ಟೈರ್ ಏರುತ್ತದೆ. ಆದರೆ ಟೇಪ್ ಆ ಹಳ್ಳಕ್ಕೆ ಇಳಿದು ಮತ್ತೆ ಮೇಲೇರಬೇಕಲ್ವಾ? ಒಳ ಅಗಲದಷ್ಟೇ ಇರುವ ಟೇಪ್ ಸಾಲುವುದಿಲ್ಲ, ಎರಡು ಮೂರು ಎಂಎಂ ಜಾಸ್ತಿ ಬೇಕು. ಅಗಲದ ಟೇಪ್ ಎಳೆದು ಸುತ್ತಿದರೆ ನಡುವೆ ಬಿಗಿ, ಅಂಚಿನಲ್ಲಿ ಸುಕ್ಕು. ಆ ಸುಕ್ಕಿನಡಿ ಸೀಲಂಟ್ (ತೂತು ಮುಚ್ಚಲು ಟೈರ್ ಒಳಗೆ ಹಾಕುವ ದ್ರವ) ನುಗ್ಗಿ ಅಂಟು ಬಿಡುತ್ತದೆ. ರಾತ್ರಿ ಗಟ್ಟಿಯಾಗಿದ್ದ ಟೈರ್ ಬೆಳಿಗ್ಗೆ ಮೆತ್ತಗೆ.

ಸೋರುವ ಜಾಗ ಹುಡುಕುವುದು ಇನ್ನೊಂದು ತಲೆನೋವು. ಟೇಪ್ ದಾಟಿದ ಗಾಳಿ ರಿಮ್‌ನ ಟೊಳ್ಳಿನೊಳಗೆ ಸುತ್ತಾಡಿ ಯಾವುದೋ ನಿಪ್ಪಲ್ (ಸ್ಪೋಕನ್ನು ರಿಮ್‌ಗೆ ಬಿಗಿಯುವ ನಟ್) ಪಕ್ಕದಿಂದ ಹೊರಬರುತ್ತದೆ. ಸೋಪು ನೀರು ಹಾಕಿದರೆ ಗುಳ್ಳೆ ಬರುವುದು ಅಲ್ಲಿ, ತೂತು ಇರುವುದು ಇನ್ನೆಲ್ಲೋ. ಹಾಗಾಗಿ ತೇಪೆ ಹಚ್ಚಿ ಪ್ರಯೋಜನವಿಲ್ಲ. ಟೈರ್ ಬಿಚ್ಚಿ, ಸೀಲಂಟ್ ಒರೆಸಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಉಜ್ಜಿ, ಒಣಗಿಸಿ, ಹೊಸ ಟೇಪ್ ಸುತ್ತಬೇಕು. ಒಂದು ರಾತ್ರಿ ಟ್ಯೂಬ್ ಹಾಕಿ ಗಾಳಿ ತುಂಬಿಟ್ಟರೆ ಟೇಪ್ ಒತ್ತಿ ಕೂರುತ್ತದೆ. ವಾಲ್ವ್ ತೂತನ್ನು ಬ್ಲೇಡಿನಿಂದ ಕೊಯ್ಯಬೇಡಿ, ಸೀಳು ಹಬ್ಬುತ್ತದೆ. ಕಾಯಿಸಿದ ಮೊಳೆಯಿಂದ ಚುಚ್ಚಿದರೆ ಅಂಚು ಕರಗಿ ನಿಲ್ಲುತ್ತದೆ. ಇಷ್ಟು ಮಾಡಿದ ಮೇಲೂ ಹಿಂದಿನ ಚಕ್ರ ಮತ್ತೆ ಸೋರಿತು!

ಈಗಿನ ಅಲ್ಯೂಮಿನಿಯಂ ರಿಮ್‌ನ ಚಾನೆಲ್ ಅಷ್ಟು ಆಳವಿಲ್ಲ. ಟೇಪ್ ಮೊದಲ ಸಲವೇ ಕೂತಿತು. ಎಲ್ಲ ಕಾರ್ಬನ್ ರಿಮ್ ಹಾಗೇ ಇರುತ್ತದೆ ಎಂದಲ್ಲ. ಯಾವುದೇ ಕೊಳ್ಳುವ ಮುಂಚೆ ಅದರ ಅಡ್ಡಸೀಳಿನ ಚಿತ್ರ ನೋಡಿ, ತೂಕದ ಪಟ್ಟಿಗಿಂತ ಅದೇ ಜಾಸ್ತಿ ಹೇಳುತ್ತದೆ.

ಪೆಟ್ಟಿನ ವಿಷಯಕ್ಕೆ ಬಂದರೆ, ಅಲ್ಯೂಮಿನಿಯಂ ತಗ್ಗಾಗುತ್ತದೆ, ಕಾರ್ಬನ್ ಬಿರುಕು ಬಿಡುತ್ತದೆ. ನಾನು ಗಾಳಿ ಕಡಿಮೆ ಇಟ್ಟು ಓಡಿಸುವವನು, ಟೈರ್ ಒಳಗೆ ಫೋಮ್ ಇನ್ಸರ್ಟ್ ಹಾಕುವುದಿಲ್ಲ. ಹಿಂದಿನ ರಿಮ್ ಕಲ್ಲಿಗೆ ಟಣ್ ಎನ್ನುವುದು ಮಾಮೂಲು. ಸಣ್ಣ ತಗ್ಗನ್ನು ಬಟ್ಟೆ ಸುತ್ತಿದ ಸ್ಪ್ಯಾನರಿನಲ್ಲಿ ಮೆಲ್ಲಗೆ ಎಳೆದು ಸರಿ ಮಾಡಿಕೊಳ್ಳುತ್ತೇನೆ, ಗಾಳಿ ನಿಲ್ಲುತ್ತದೆ. ಬಿರುಕಿಗೆ ಮನೆಯಲ್ಲಿ ಮದ್ದಿಲ್ಲ. ವಾರಂಟಿ ಇದ್ದರೂ ರಿಮ್ ಬರುವ ತನಕ ಕಾಯಬೇಕು, ಮತ್ತೆ ಚಕ್ರ ಕಟ್ಟಬೇಕು. ಅಷ್ಟು ದಿನ ಸೈಕಲ್ ಗೋಡೆಗೆ ಒರಗಿಸಿಡಲು ನನಗೆ ತಾಳ್ಮೆಯಿಲ್ಲ, ಬದಲಿಗೆ ಇನ್ನೊಂದು ಜೋಡಿ ಇಟ್ಟುಕೊಳ್ಳಲು ದುಡ್ಡೂ ಇಲ್ಲ.

ಕಾರ್ಬನ್ ಮೇಲೆ ಮನಸ್ಸಿದ್ದರೆ ಮುಂದಿನ ಚಕ್ರಕ್ಕೆ ಮಾತ್ರ ಹಾಕಿಸಿ, ಪೆಟ್ಟು ಹೆಚ್ಚು ತಿನ್ನುವುದು ಹಿಂದಿನದು. ಹಿಂದಿನ ಚಕ್ರಕ್ಕೆ 32 ಸ್ಪೋಕ್ ಇರಲಿ, ನಿಪ್ಪಲ್ ಹಿತ್ತಾಳೆಯದು. ಹಳೆಯ ಹಬ್‌ಗೆ ಹೊಸ ರಿಮ್ ಹಾಕುವುದಾದರೆ ಎರಡು ರಿಮ್‌ಗಳ ಇಆರ್‌ಡಿ (ಸ್ಪೋಕ್ ಉದ್ದ ಲೆಕ್ಕ ಹಾಕಲು ಬಳಸುವ ರಿಮ್ ವ್ಯಾಸ) ಅಳತೆ ಹೋಲಿಸಿ ನೋಡಿ. ಅದು ಹೆಚ್ಚುಕಡಿಮೆ ಒಂದೇ ಇದ್ದರೆ ಹಳೆಯ ಸ್ಪೋಕ್‌ಗಳೇ ನಡೆಯುತ್ತವೆ.