ಪರ್ಷಿಯನ್ ಮರಿಯ ಜೊತೆ ಮನೆ ಹೊಕ್ಕ ಹುಳುಕಡ್ಡಿ

ಬೆಂಗಳೂರಿನಲ್ಲಿ ವಾಟ್ಸ್ಆ್ಯಪ್ ಗುಂಪುಗಳ ಮೂಲಕ ಪರ್ಷಿಯನ್ ಬೆಕ್ಕಿನ ಮರಿಗಳನ್ನು ಮಾರುವವರು ‘ಟ್ರಿಪಲ್ ಕೋಟ್’ (ದಟ್ಟ ಕೂದಲು), ‘ಪಂಚ್ ಫೇಸ್’ (ಚಪ್ಪಟೆ ಮುಖ) ಎಂಬ ವರ್ಣನೆಗಳ ಬೆನ್ನಿಗೇ ‘ತುಂಬಾ ಶಾಂತ, ಮಕ್ಕಳಿರುವ ಮನೆಗೆ ಹೇಳಿ ಮಾಡಿಸಿದ್ದು’ ಎಂದೂ ಸೇರಿಸುತ್ತಾರೆ. ತಳಿಯ ಮಟ್ಟಿಗೆ ಆ ಮಾತು ಸುಳ್ಳಲ್ಲ. ಆದರೆ ಅಪಾರ್ಟ್‌ಮೆಂಟಿನ ಗೇಟಿನ ಬಳಿ ನಮ್ಮ ಕೈಗಿತ್ತ ಮರಿಯ ಕಿವಿಯ ಅಂಚಿನಲ್ಲಿ ಕೂದಲುದುರಿ ಹೊಟ್ಟೇಳುತ್ತಿದ್ದ ಪುಟ್ಟ ಮಚ್ಚೆಯೊಂದಿತ್ತು. ಮರಿಗಳು ಆಟವಾಡುತ್ತ ಕಚ್ಚಿಕೊಂಡ ಗಾಯವದು ಎಂದು ಮಾರಿದವರು ಸಮಜಾಯಿಷಿ ಕೊಟ್ಟರು. ಕೆಲವೇ ವಾರಗಳಲ್ಲಿ, ಸದಾ ಅದನ್ನು ತೊಡೆಯ ಮೇಲೆ ಮಲಗಿಸಿಕೊಳ್ಳುತ್ತಿದ್ದ ಮಗಳ ಮುಂಗೈ ಮತ್ತು ಕುತ್ತಿಗೆಯ ಮೇಲೆ ಕೆಂಪು ಉಂಗುರಗಳು ಎದ್ದವು.

ಅದು ಹುಳುಕಡ್ಡಿ. ಬೆಕ್ಕುಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ಕಾರಣವಾಗುವುದು ಮೈಕ್ರೋಸ್ಪೋರಮ್ ಕ್ಯಾನಿಸ್ ಎಂಬ ಶಿಲೀಂಧ್ರ. ಉದ್ದ ಕೂದಲಿನ ಪರ್ಷಿಯನ್ ಬೆಕ್ಕುಗಳಿಗೆ ಇದು ಬೇಗ ಅಂಟುತ್ತದೆ. ಎಷ್ಟೋ ಬೆಕ್ಕುಗಳು ಮೈಮೇಲೆ ಯಾವ ಗುರುತೂ ಇಲ್ಲದೆಯೇ ಅದನ್ನು ಹೊತ್ತು ತಿರುಗುತ್ತವೆ. ಉದುರಿದ ಕೂದಲಿನಲ್ಲಿರುವ ಬೀಜಕಗಳು ಸೋಫಾ, ರತ್ನಗಂಬಳಿ, ಬಾಚಣಿಗೆಗಳಲ್ಲಿ ತಿಂಗಳುಗಟ್ಟಲೆ ಜೀವಂತವಾಗಿರುತ್ತವೆ. ಮಡಿಲು ಬಿಟ್ಟಿಳಿಯದ ಬೆಕ್ಕಿನಿಂದ ಸೋಂಕು ಹರಡಲು ಹೆಚ್ಚಿನ ಅವಕಾಶ ಬೇಕಾಗಿಲ್ಲ.

ತೊಂದರೆಯನ್ನು ದೊಡ್ಡದು ಮಾಡಿದ್ದು ಔಷಧದಂಗಡಿಯವರು ಚೀಟಿಯಿಲ್ಲದೆ ಕೊಟ್ಟ ಮುಲಾಮು. ಅದರಲ್ಲಿ ಶಿಲೀಂಧ್ರನಾಶಕದ ಜೊತೆ ಕ್ಲೊಬೆಟಸಾಲ್ ಎಂಬ ತೀಕ್ಷ್ಣ ಸ್ಟಿರಾಯ್ಡ್ ಇತ್ತು. ಇಂಥ ಮಿಶ್ರಣ ಹಚ್ಚಿದೊಡನೆ ತುರಿಕೆ ಮತ್ತು ಕೆಂಪು ತಗ್ಗುತ್ತವೆ, ಚರ್ಮದ ಪ್ರತಿರೋಧವೂ ಕುಗ್ಗುತ್ತದೆ, ಶಿಲೀಂಧ್ರ ಒಳಗೊಳಗೇ ಹಬ್ಬುತ್ತದೆ. ಉಂಗುರದ ಅಂಚು ಮಸುಕಾಗುವುದರಿಂದ ಚರ್ಮವೈದ್ಯರಿಗೂ ಗುರುತಿಸುವುದು ಕಷ್ಟವಾಗುತ್ತದೆ. ನಮ್ಮ ದೇಶದ ಅಂಗಡಿಗಳಲ್ಲಿ ಇಂಥ ಮುಲಾಮುಗಳು ಇಷ್ಟು ಸಲೀಸಾಗಿ ಸಿಗುವುದು ನನಗೆ ಬೆಕ್ಕಿನ ರೋಗಕ್ಕಿಂತ ಹೆಚ್ಚು ಆತಂಕದ ಸಂಗತಿಯಾಗಿ ಕಾಣುತ್ತದೆ.

ಬೆಕ್ಕಿಗೆ ಪಶುವೈದ್ಯರು ಇಟ್ರಾಕೊನಜೋಲ್ ಎಂಬ ಶಿಲೀಂಧ್ರನಾಶಕ ಕೊಟ್ಟು, ವಾರಕ್ಕೆರಡು ಬಾರಿ ಗಂಧಕ–ಸುಣ್ಣದ ದ್ರಾವಣದಲ್ಲಿ ಮೈ ತೋಯಿಸಲು ಹೇಳಿದರು. ಕೊಳೆತ ಮೊಟ್ಟೆಯ ಆ ವಾಸನೆಯನ್ನು ಮನೆಮಂದಿಯೆಲ್ಲ ಸಹಿಸಬೇಕಾಯಿತು. ಮೇಲ್ನೋಟಕ್ಕೆ ಕೂದಲು ಬಂದ ಮಾತ್ರಕ್ಕೆ ಔಷಧ ನಿಲ್ಲಿಸುವಂತಿಲ್ಲ, ಕೂದಲಿನ ಮಾದರಿಯಿಂದ ಶಿಲೀಂಧ್ರ ಬೆಳೆಯುತ್ತದೆಯೇ ಎಂದು ಪ್ರಯೋಗಾಲಯದಲ್ಲಿ ನೋಡುವ ಕಲ್ಚರ್ ಪರೀಕ್ಷೆಯಲ್ಲಿ ಅದು ಇಲ್ಲವೆಂದು ಖಚಿತವಾಗಬೇಕು. ನೆಲ ಒರೆಸಲು ಫಿನಾಯಿಲ್ ಮಾತ್ರ ಬೇಡ: ಫೀನಾಲ್ ಬಗೆಯ ವಸ್ತುಗಳನ್ನು ಬೆಕ್ಕಿನ ಯಕೃತ್ತು ಸರಿಯಾಗಿ ವಿಭಜಿಸಲಾರದು, ಪಾದಕ್ಕೆ ಅಂಟಿದ್ದನ್ನು ನೆಕ್ಕಿದರೂ ವಿಷವಾಗಬಹುದು. ಕೂದಲನ್ನೆಲ್ಲ ವ್ಯಾಕ್ಯೂಮ್‌ನಿಂದ ತೆಗೆದು, ತೊಳೆದು, ನಂತರ ನೀರು ಬೆರೆಸಿದ ಬ್ಲೀಚ್‌ನಿಂದ ಒರೆಸಿ ಒಣಗುವವರೆಗೆ ಬೆಕ್ಕನ್ನು ಬೇರೆ ಕೋಣೆಯಲ್ಲಿಡಬೇಕು.

2018ರ ಕೇಂದ್ರ ನಿಯಮಗಳ ಪ್ರಕಾರ ಸಾಕುಪ್ರಾಣಿ ಅಂಗಡಿಗಳು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಿರಬೇಕು. ಗೇಟಿನ ಬಳಿ ಕೈಬದಲಾಗುವ ಮರಿಗೆ ನೋಂದಣಿಯಿರಲಿ, ರಸೀದಿಯೂ ಇರುವುದಿಲ್ಲ. ಆದ್ದರಿಂದ ಹಣ ಕೊಡುವ ಮುನ್ನ ತಾಯಿ ಬೆಕ್ಕನ್ನೂ ಒಡಹುಟ್ಟಿದ ಮರಿಗಳನ್ನೂ ಅವು ಇರುವ ಜಾಗದಲ್ಲೇ ನೋಡಿ, ಪಶುವೈದ್ಯರಿಂದ ನೇರಳಾತೀತ ಬೆಳಕಿನ ವುಡ್ಸ್ ದೀಪದಡಿ ಪರೀಕ್ಷೆ ಮಾಡಿಸಿ. ಸೋಂಕಿತ ಕೂದಲು ಹಸಿರಾಗಿ ಹೊಳೆಯಬಹುದು, ಹೊಳೆಯದಿದ್ದರೆ ಸೋಂಕಿಲ್ಲವೆಂದು ಅರ್ಥವಲ್ಲ. ಆಗ ಕಲ್ಚರ್‌ಗೆ ಕೂದಲು ಕಳಿಸಿ. ವರದಿಗೆ ಎರಡು–ಮೂರು ವಾರ ಹಿಡಿಯುತ್ತದೆ. ಹೇಗಿದ್ದರೂ ಮರಿ ಸುಮಾರು 12 ವಾರ ತಾಯಿಯ ಬಳಿ ಇರುವುದೇ ಒಳ್ಳೆಯದಾದ್ದರಿಂದ, ಅಷ್ಟು ಕಾಯಲು ಮಾರುವವರು ಒಪ್ಪದಿದ್ದರೆ ಆ ಮರಿಯನ್ನು ತರಬೇಡಿ.