ಸಿಗ್ನಲ್ ರಿಪೇರಿ ಬೇಗ ಆಗುತ್ತದೆ, ಬ್ಯಾಟರಿ ಕಡೆ ಗಮನ ಬೇಕು

ಬೆಳಗಾವಿಯಲ್ಲಿ ನಮ್ಮ ಬಡಾವಣೆಯ ಟ್ರಾಫಿಕ್ ಸಿಗ್ನಲ್, ಕ್ಯಾಮೆರಾ ನೋಡಿಕೊಳ್ಳುವ ತಂಡಕ್ಕೆ 5ರಲ್ಲಿ 3 ಸ್ಟಾರ್. ಫೋನ್ ಮಾಡಿದರೆ ಬೇಗ ಬರುತ್ತಾರೆ, ಹುಡುಗರು ಜಿಟಿಜಿಟಿ ಮಳೆಯಲ್ಲೂ ಕೆಲಸ ಬಿಡುವುದಿಲ್ಲ, ಅದಕ್ಕೆ ನಿಜಕ್ಕೂ ಥ್ಯಾಂಕ್ಸ್. ಆದರೆ ಕೆಡುವ ತನಕ ಯಾಕೆ ಕಾಯಬೇಕು? ಎಲ್‌ಇಡಿ ದೀಪ ವರ್ಷಗಟ್ಟಲೆ ಬಾಳುತ್ತದೆ, ಕೆಳಗಿನ ಪೆಟ್ಟಿಗೆಯಲ್ಲಿ ಕರೆಂಟ್ ಹೋದಾಗ ಸಿಗ್ನಲ್ ನಡೆಸುವ ಯುಪಿಎಸ್ ಬ್ಯಾಟರಿ ಮಾತ್ರ ಸಾಮಾನ್ಯವಾಗಿ 3ರಿಂದ 5 ವರ್ಷಕ್ಕೇ ಸೋಲುತ್ತದೆ, ಬಿಸಿಲಿಗೆ ಕಾದರೆ ಇನ್ನೂ ಬೇಗ. ಆಮೇಲೆ ಕರೆಂಟ್ ಹೋದ ಕೂಡಲೇ ಸಿಗ್ನಲ್ಲೂ ಆರುತ್ತದೆ, ಶಾಲೆ ಬಿಡುವ ಹೊತ್ತಿಗೆ ಮಕ್ಕಳು ರಸ್ತೆ ದಾಟುವುದೇ ಕಷ್ಟ. ಯಾವ ಸಾಮಾನು ಯಾವಾಗ ಹಾಕಿದ್ದು, ಯಾವಾಗ ಬದಲಿಸಬೇಕು ಅಂತ ಪಟ್ಟಿ ಇಡಲಿ. ಜೂನ್ ಮಳೆ ಹಿಡಿಯುವ ಮೊದಲೇ ಪೆಟ್ಟಿಗೆಯ ರಬ್ಬರ್ ಸೀಲ್, ಅರ್ಥಿಂಗ್, ದಿಢೀರ್ ಏರುವ ವೋಲ್ಟೇಜ್ ತಡೆಯುವ ಸರ್ಜ್ ಪ್ರೊಟೆಕ್ಟರ್ ನೋಡಿಬಿಟ್ಟರೆ ಇನ್ನೊಂದು ಸ್ಟಾರ್ ಖಂಡಿತ ಕೊಡುತ್ತೇನೆ.