ಕಾರಿನ ಯಂತ್ರವೋ, ಜಗಲಿಯ ಸ್ಟೂಲೋ: ಬುಲೆಟ್ ಚಕ್ರದ ಬ್ಯಾಲೆನ್ಸಿಂಗ್

ಮುಂದಿನ ಟೈರ್ ಹೊಸದು ಹಾಕಿಸಿಕೊಂಡು ಶಿವಮೊಗ್ಗದಿಂದ ಭದ್ರಾವತಿ ಕಡೆ ಹೊರಟಿದ್ದೆ. 70 ದಾಟುತ್ತಿದ್ದಂತೆ ಹ್ಯಾಂಡಲ್ ನಡುಗತೊಡಗಿತು. 80ಕ್ಕೆ ಅಂಗೈ ಜುಮ್ಮೆನ್ನುವಷ್ಟು. ಅದೇ ಬುಲೆಟ್ ಮಂಡಗದ್ದೆ ದಾರಿಯಲ್ಲಿ 40ರಲ್ಲಿ ಹೋದರೆ ಏನೂ ಇಲ್ಲ.

ಟೈರ್ ಹಾಕಿದವರನ್ನು ಕೇಳಿದರೆ "ಬೈಕಿಗೆಲ್ಲ ಬ್ಯಾಲೆನ್ಸಿಂಗ್ ಯಾರೂ ಮಾಡ್ಸಲ್ಲ ಸಾರ್" ಅಂದರು. ಬ್ಯಾಲೆನ್ಸಿಂಗ್ ಅಂದರೆ ಚಕ್ರದ ಭಾರ ಸುತ್ತಲೂ ಸಮ ಇರುವಂತೆ ಹಗುರ ಕಡೆಗೆ ಸಣ್ಣ ತೂಕ ಸೇರಿಸುವುದು. ಅದು ಬೇಡ ಅನ್ನುವ ಮಾತು ನಮ್ಮ ಘಾಟಿ ರಸ್ತೆಗೆ ನಡೆಯುತ್ತದೆ. ಹೈವೇಗೆ ನಡೆಯುವುದಿಲ್ಲ. ಚಕ್ರ ತಿರುಗುವಾಗ ಭಾರ ಹೆಚ್ಚಿರುವ ಕಡೆ ಹೊರಕ್ಕೆ ಎಳೆಯುತ್ತದೆ, ವೇಗ ಎರಡು ಪಟ್ಟಾದರೆ ಆ ಎಳೆತ ನಾಲ್ಕು ಪಟ್ಟು. 19 ಇಂಚಿನ ಚಕ್ರದ ಅಂಚಿನಲ್ಲಿ ಒಂದು ಕಡೆ 20 ಗ್ರಾಂ ಹೆಚ್ಚಿದ್ದರೆ 40ರಲ್ಲಿ ಅರ್ಧ ಕಿಲೋದಷ್ಟು ಎಳೆಯುತ್ತದೆ, 80ರಲ್ಲಿ 2 ಕಿಲೋಗೂ ಜಾಸ್ತಿ. ಅದೂ ಸೆಕೆಂಡಿಗೆ 11 ಸಲ!

ಮೊದಲು ಖರ್ಚಿಲ್ಲದ ದಾರಿ ಹಿಡಿದೆ. ಟೈರಿನ ಮೇಲಿನ ಹಳದಿ ಚುಕ್ಕಿ ಸಾಮಾನ್ಯವಾಗಿ ಹಗುರ ಜಾಗದ ಗುರುತು. ವಾಲ್ವ್ ಇರುವ ಕಡೆ ಭಾರ, ಹಾಗಾಗಿ ಚುಕ್ಕಿ ಅದರ ಪಕ್ಕ ಬರಬೇಕು. ನನ್ನದರಲ್ಲಿ ಸರಿಯಾಗಿ ಎದುರಿಗಿತ್ತು. ತಿರುಗಿಸಿ ಹಾಕಿಸಿದೆ. ನಡುಕ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

ಆಮೇಲೆ ಕಾರಿನ ಟೈರ್ ಅಂಗಡಿಯ ಯಂತ್ರ, ಚಕ್ರ ತಿರುಗಿಸಿ ಎಲ್ಲಿ ಎಷ್ಟು ತೂಕ ಸೇರಿಸಬೇಕು ಅಂತ ತೋರಿಸುವಂಥದ್ದು. ಮೊದಲ ಸಲ 35 ಗ್ರಾಂ ತೋರಿಸಿತು. ಚಕ್ರ ಬಿಚ್ಚಿ ಮತ್ತೆ ಕೂರಿಸಿ ಅಂದೆ. ಈಗ 15 ಗ್ರಾಂ, ಅದೂ ಬೇರೆ ಜಾಗದಲ್ಲಿ! ಚಕ್ರವನ್ನು ಯಂತ್ರದ ನಡುವೆ ಕೂರಿಸುವ ಕೋನ್, ಬೈಕಿನ ಹಬ್ಬಿಗೆ (ಚಕ್ರದ ನಡುಭಾಗಕ್ಕೆ) ಹೊಂದುವಂಥದ್ದು, ಅವರಲ್ಲಿ ಇರಲಿಲ್ಲ. ಚಕ್ರ ನಟ್ಟನಡುವೆ ಕೂರದಿದ್ದರೆ ಎಷ್ಟು ಒಳ್ಳೆ ಯಂತ್ರವಾದರೂ ಸುಮ್ನೆ. ರಿಮ್ಮಿಗೆ ಅಂಟಿಸಿಕೊಟ್ಟ ತೂಕ ಮೊದಲ ಮಳೆಗೇ ಉದುರಿತು.

ಕೊನೆಗೆ ಮನೆಯ ಜಗಲಿಯಲ್ಲಿ ಎರಡು ಸ್ಟೂಲ್ ಇಟ್ಟು, ನಡುವೆ ಆಕ್ಸಲ್ ಸಮೇತ ಚಕ್ರ ತೂಗಿಬಿಟ್ಟೆ. ಮೆಲ್ಲಗೆ ತಳ್ಳಿದರೆ ಅದು ಸುತ್ತಿ, ಹಿಂದೆ ಮುಂದೆ ತೂಗಾಡಿ ನಿಲ್ಲುತ್ತದೆ. ಕೆಳಗೆ ಬಂದ ಜಾಗಕ್ಕೆ ಚಾಕ್‌ಪೀಸ್ ಗುರುತು ಹಾಕಿದೆ. ಮೂರು ಸಲವೂ ಅದೇ ಜಾಗ ಕೆಳಗೆ ಬಂತು. ಬೇರೆ ಬೇರೆ ಕಡೆ ನಿಂತರೆ ಚಕ್ರ ಆಗಲೇ ಸಮವಾಗಿರಬಹುದು, ಇಲ್ಲವೇ ಬೇರಿಂಗಿನ ಸೀಲ್ (ಧೂಳು ತಡೆಯುವ ರಬ್ಬರ್ ಬಿಲ್ಲೆ) ಹಿಡಿಯುತ್ತಿರಬಹುದು, ಆ ಗುರುತು ನಂಬಬೇಡಿ. ಗುರುತಿನ ಎದುರಿನ ಕಡ್ಡಿಗೆ, ಅದನ್ನು ರಿಮ್ಮಿಗೆ ಬಿಗಿಯುವ ನಿಪ್ಪಲ್ ಹತ್ತಿರ, ಬೆಸುಗೆ ಹಾಕುವ ಸೀಸದ ತಂತಿ ಸುತ್ತುತ್ತಾ ಹೋದೆ. ಒಂದು ಸುತ್ತು ಹೆಚ್ಚಿಸಿ, ಒಂದು ತುಂಡರಿಸಿ... ಕೊನೆಗೆ ಗುರುತನ್ನು ಪಕ್ಕಕ್ಕೆ ತಂದು ಕೈಬಿಟ್ಟರೂ ಚಕ್ರ ಅಲ್ಲಾಡಲಿಲ್ಲ. ಆ ಕ್ಷಣದ ಖುಷಿಯೇ ಬೇರೆ. ತಂತಿಯ ಮೇಲೆ ಟೇಪ್ ಸುತ್ತಿದೆ. ಮರುದಿನ ಭದ್ರಾವತಿವರೆಗೂ ಹ್ಯಾಂಡಲ್ ತಣ್ಣಗಿತ್ತು.

ಕಾರಿನ ಚಕ್ರ ಅಗಲ, ಒಳಬದಿ ಹೊರಬದಿಯ ಭಾರದ ವ್ಯತ್ಯಾಸ ತಿರುಗುವಾಗಲೇ ಗೊತ್ತಾಗುವುದು, ಅದಕ್ಕೆ ತಿರುಗಿಸಿ ನೋಡುವ ಯಂತ್ರ ಬೇಕೇ ಬೇಕು. ಬುಲೆಟ್ಟಿನ ಸಪೂರ ಚಕ್ರಕ್ಕೆ ಸ್ಟೂಲೇ ಸಾಕು ಅನ್ನುವುದು ನನ್ನ ಅನುಭವ. ಹಿಂದಿನ ಚಕ್ರಕ್ಕೆ ಇನ್ನೂ ಮಾಡಿಲ್ಲ, ಅಲ್ಲಿಯ ನಡುಕ ಕೈಗೆ ಬರುವುದೂ ಇಲ್ಲ.

ಹೋದ ಮಳೆಗಾಲ ಆಗುಂಬೆಗೆ ಹೋಗಿ ಬಂದ ಮಾರನೇ ದಿನ ನಡುಕ ಮತ್ತೆ ಬಂತು. ತಂತಿ ಇದ್ದಲ್ಲೇ ಇತ್ತು. ರಾತ್ರಿ ಗಾಡಿ ನಿಂತಾಗ ಕೆಸರೆಲ್ಲ ರಿಮ್ಮಿನ ತಳಕ್ಕೆ ಇಳಿದು ಗಟ್ಟಿಯಾಗಿತ್ತು. ಪೈಪ್ ಹಿಡಿದು ತೊಳೆದೆ, ಹೋಯ್ತು.